ಅಪ್‌ಡೇಟ್: ರೈಸಿಂಗ್ ಕೇನ್ಸ್ ಸಾಸ್ ಮನೆಯಲ್ಲೇ ಸಿದ್ಧವಾಯಿತು

ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ 1996ರಲ್ಲಿ ಆರಂಭವಾದ ರೈಸಿಂಗ್ ಕೇನ್ಸ್ ಮಳಿಗೆಗಳಲ್ಲಿ ಚಿಕನ್ ಫಿಂಗರ್‌ಗಳ ಜೊತೆ ಕೊಡುವ ನಸುಗೆಂಪು ಸಾಸನ್ನು ಮನೆಯಲ್ಲಿ ಮಾಡುವುದು ಹೇಗೆ, ಮೇಯನೇಸ್‌ಗೆ ಕೆಚಪ್ ಬೆರೆಸಿದರೆ ಅದೇಕೆ ಬರೀ ಸಿಹಿಯಾಗುತ್ತದೆ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕಂಪನಿಯು ಪಾಕವಿಧಾನವನ್ನು ಗುಟ್ಟಾಗಿಟ್ಟಿರುವುದರಿಂದ ಇದನ್ನು ನಕಲೆಂದೇ ಕರೆಯಬೇಕು; ಆದರೂ ರುಚಿ ಬಹಳ ಹತ್ತಿರ ಬಂದಿದೆ.

ಅರ್ಧ ಕಪ್ ಮೇಯನೇಸ್‌ಗೆ ಕಾಲು ಕಪ್ಪಿಗಿಂತ ತುಸು ಕಡಿಮೆ ಕೆಚಪ್, ಒಂದು ಟೀ ಚಮಚ ವೂಸ್ಟರ್‌ಶೈರ್ ಸಾಸ್, ಅರ್ಧ ಟೀ ಚಮಚ ಬೆಳ್ಳುಳ್ಳಿ ಪುಡಿ, ಅಷ್ಟೇ ಪ್ರಮಾಣದ ತರಿತರಿ ಕಾಳುಮೆಣಸಿನ ಪುಡಿ ಮತ್ತು ಚಿಟಿಕೆ ಉಪ್ಪು ಸೇರಿಸಿದೆ. ನನ್ನ ಸಾಸಿನಲ್ಲಿ ಇಲ್ಲದಿದ್ದ ಗಾಢತೆ ಬಂದದ್ದು ವೂಸ್ಟರ್‌ಶೈರ್‌ನಿಂದಲೇ. ವಿನೆಗರ್, ಹುಣಸೆಹಣ್ಣು ಮತ್ತು ಉಪ್ಪಿನಲ್ಲಿ ಹದವಾದ ಆಂಚೊವಿ ಮೀನು ಅದರಲ್ಲಿರುವುದರಿಂದ ಕೆಚಪ್ಪಿನ ಸಿಹಿ ತಾನಾಗಿ ಹಿಂದೆ ಸರಿಯುತ್ತದೆ. (ಸಸ್ಯಾಹಾರಿಗಳು ಬಾಟಲಿಯ ಮೇಲಿನ ಪಟ್ಟಿಯನ್ನು ಓದಿಯೇ ಕೊಳ್ಳಬೇಕು, ಸೋಯಾ ಸಾಸಿಗೆ ಸ್ವಲ್ಪ ಹುಣಸೆರಸ ಬೆರೆಸಿದರೂ ಕೆಲಸ ನಡೆಯುತ್ತದೆ.)

ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಹಾಕುವ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಅದರ ಘಾಟು ಉಳಿದೆಲ್ಲ ರುಚಿಗಳನ್ನು ಮುಚ್ಚಿಬಿಡುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಡಬೇಕೆಂಬ ಮಾತು ಮಾತ್ರ ನೂರಕ್ಕೆ ನೂರು ಸರಿ: ಕಲಸಿದ ಕೂಡಲೇ ಪುಡಿಪುಡಿಯಾಗಿ ನಾಲಿಗೆಗೆ ತಗುಲುತ್ತಿದ್ದ ಬೆಳ್ಳುಳ್ಳಿ, ಮೆಣಸುಗಳು ಬೆಳಗಾಗುವಷ್ಟರಲ್ಲಿ ತೇವವನ್ನು ಹೀರಿ ಇಡೀ ಸಾಸಿಗೆ ಹರಡಿಕೊಂಡಿದ್ದವು. ಮುಂದಿನ ಸಲ ಮೆಣಸನ್ನು ಇನ್ನೂ ಸ್ವಲ್ಪ ಹೆಚ್ಚಿಸುವೆ.