ಸ್ಪೇನ್‌ನಲ್ಲಿ ಕಾರ್ಡ್ ನಡೆಯುತ್ತಾ ಅಂತ ಅವರ ಭಾಷೆಯಲ್ಲಿ ಹೇಗೆ ಕೇಳುವುದು?

ಪ್ರಶ್ನೆ (ಚಿಕ್ಕಮಗಳೂರಿನಿಂದ)
ಮಗಳು ವೆಲೆನ್ಸಿಯಾದಲ್ಲಿ ಓದುತ್ತಿದ್ದಾಳೆ. ಮುಂದಿನ ತಿಂಗಳು ಅವಳ ಹತ್ತಿರ ಹೋಗುತ್ತಿದ್ದೇನೆ. ಅವಳು ಕ್ಲಾಸಿಗೆ ಹೋದಾಗ ಹಾಲು, ತರಕಾರಿ ನಾನೇ ತಂದು ಅಡುಗೆ ಮಾಡಿಡಬೇಕು ಅಂತ ಆಸೆ. ಇಲ್ಲಿ ಸೊಪ್ಪಿನವರಿಗೂ ಫೋನಲ್ಲೇ ದುಡ್ಡು ಹಾಕಿ ಅಭ್ಯಾಸ. ಅಲ್ಲಿ ಕಾರ್ಡ್ ತಗೋತೀರಾ, ಚಿಲ್ಲರೆ ಇದೆಯಾ ಅಂತ ಹೇಗೆ ಕೇಳಲಿ? ಮೊಬೈಲ್ ಮುಂದೆ ಹಿಡಿದು ಮಾತಾಡಿಸುವುದು ನನಗೆ ಇಷ್ಟವಿಲ್ಲ. ಅಂಗಡಿಯವರ ಮುಖ ನೋಡಿ ನಾನೇ ಕೇಳಬೇಕು.

ಉತ್ತರ (ಹಾಸನ)
ಅಕ್ಕಾ, ನಾನು ಮ್ಯಾಡ್ರಿಡ್‌ನಲ್ಲಿ ಕೆಲಸ ಮಾಡಿ ಬಂದವನು. ಮೊದಲು ನಗುತ್ತಾ ‘ಓಲಾ’ ಅನ್ನಿ. ಆಮೇಲೆ ‘ಪ್ವೇದೊ ಪಗಾರ್ ಕೊನ್ ತಾರ್‌ಹೇತಾ?’ ಕಾರ್ಡಲ್ಲಿ ಕೊಡಬಹುದಾ ಅಂತ. ಅಷ್ಟುದ್ದ ಬಾಯಿಗೆ ಬರದಿದ್ದರೆ ಕಾರ್ಡ್ ತೋರಿಸಿ ‘ಕೊನ್ ತಾರ್‌ಹೇತಾ?’ ಅಂದರೂ ಸಾಕು. ನಗದಿಗೆ ‘ಎನ್ ಎಫೆಕ್ತೀವೊ’. ‘ಸೋಲೊ ಎಫೆಕ್ತೀವೊ’ ಅಂದರೆ ಅಲ್ಲಿ ನಗದು ಮಾತ್ರ. ಚಿಲ್ಲರೆ ಕೇಳಲು ‘ತ್ಯೇನೆ ಕಾಂಬ್ಯೊ?’

ಒಂದು ಕಟ್ಟು ಸೊಪ್ಪಿಗೆ 50 ಯೂರೋ ನೋಟು ಕೊಟ್ಟರೆ ಪಾಪ ಅವರಿಗೂ ಕಷ್ಟ ಅಲ್ವಾ. 5, 10ರ ನೋಟು ಇಟ್ಟುಕೊಳ್ಳಿ. ಫೋನಲ್ಲಿ ದುಡ್ಡು ಕಳಿಸಲು ಅಲ್ಲಿಯವರು ಬೀಸುಮ್ ಬಳಸುತ್ತಾರೆ. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ನಿಮಗೆ ಆಗಲ್ಲ.

ಉತ್ತರ (ಸಕಲೇಶಪುರ)
ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶದ ಬಳಕೆ ಆನ್ ಮಾಡಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡಿನಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಇನ್ನೊಂದು, ಮೆಷಿನ್ ಕೆಲವೊಮ್ಮೆ ಯೂರೋ ಬೇಕಾ, ರೂಪಾಯಿ ಬೇಕಾ ಅಂತ ಕೇಳುತ್ತದೆ. ಯೂರೋನೇ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರ ಹಾಕುತ್ತಾರೆ, ಸಾಮಾನ್ಯವಾಗಿ ಜಾಸ್ತಿ ಬೀಳುತ್ತದೆ.

ಉತ್ತರ (ಬೇಲೂರು)
ವೆಲೆನ್ಸಿಯಾ ಅಂದರೆ ಮೆರ್ಕಾದೊ ಸೆಂತ್ರಾಲ್‌ಗೆ ತಪ್ಪದೇ ಹೋಗಿ. 1928ರಲ್ಲಿ ಶುರುವಾದ ಮಾರುಕಟ್ಟೆ, ಕತ್ತೆತ್ತಿ ಗುಮ್ಮಟ ನೋಡುವುದನ್ನು ಮರೆಯಬೇಡಿ. ಬೆಳಿಗ್ಗೆಯೇ ಹೋಗಿ, ಭಾನುವಾರ ರಜೆ. ಸ್ಪೇನ್‌ನ ಮಾರುಕಟ್ಟೆಗಳಲ್ಲಿ ಜನ ಸಾಲಾಗಿ ನಿಲ್ಲದೆ ಅಲ್ಲಲ್ಲಿ ನಿಂತಿರುತ್ತಾರೆ, ಆದರೂ ಸರದಿ ಇರುತ್ತದೆ. ಹೋದ ತಕ್ಷಣ ‘ಎಲ್ ಊಲ್ತಿಮೊ?’ ಅಂತ ಕೇಳಿ, ಕೊನೆಯಲ್ಲಿ ಬಂದವರು ಕೈ ಎತ್ತುತ್ತಾರೆ. ಅವರಾದ ಮೇಲೆ ನೀವು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಧೈರ್ಯ ಬಂತು. ಈಗಲೇ ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿದ್ದೇನೆ. ಆದರೆ ಅವರು ಬೆಲೆ ಹೇಳಿದರೆ ಅರ್ಥ ಆಗಬೇಕಲ್ಲ?

ಉತ್ತರ (ಹಾಸನ)
ಮೆಷಿನ್ ಮೇಲೆ ಬರುತ್ತದೆ, ಅಕ್ಕಾ. ಅಲ್ಲಿ ಪಾಯಿಂಟ್ ಬದಲು ಕಾಮಾ ಹಾಕುತ್ತಾರೆ. 12,50 ಅಂತ ಕಂಡರೆ ಗಾಬರಿ ಬೇಡ, ಹನ್ನೆರಡೂವರೆ ಯೂರೋ ಅಷ್ಟೇ.