ಅಪ್ಪನ ಹೆಸರಲ್ಲಿ ಸಂಗೀತಕ್ಕೆ ವರ್ಷಕ್ಕೆ 1 ಲಕ್ಷ: ಎಲ್ಲಿಗೆ, ಹೇಗೆ ಕೊಡಲಿ?

ಕೇಳಿದವರು, ಬೆಂಗಳೂರಿನಿಂದ

ಅಪ್ಪ ತೀರಿಕೊಂಡು ಮೊನ್ನೆಗೆ ಒಂದು ವರ್ಷ ಆಯ್ತು. ಅವರಿಗೆ ಹಾಡೋಕೆ ಬರುತ್ತಿರಲಿಲ್ಲ, ಆದರೆ ಕೇಳದೆ ಇರೋಕೂ ಆಗುತ್ತಿರಲಿಲ್ಲ. ರಾಮನವಮಿ ಬಂತೆಂದರೆ ಆಫೀಸಿನಿಂದ ನೇರ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವ ಅದು, ನಿಮಗೆಲ್ಲ ಗೊತ್ತಿರುತ್ತೆ. ಟಿಕೆಟ್ಟಿಗೆ ದುಡ್ಡಿಲ್ಲದ ವರ್ಷಗಳಲ್ಲಿ ಪೆಂಡಾಲಿನ ಆಚೆ ಪೇಪರ್ ಹಾಸಿಕೊಂಡು, ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಬಂದಾಗ ನನ್ನ ಬೆನ್ನಿನ ಮೇಲೇ ತಾಳ.

ಅವರ ಹೆಸರಲ್ಲಿ ಅಮ್ಮ, ನಾನು, ಅಮೆರಿಕದಲ್ಲಿರುವ ತಮ್ಮ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿ ಸಂಗೀತಕ್ಕೆ ಕೊಡಬೇಕು ಅಂತ ಇದ್ದೇವೆ. ಒಂದು ಚೆಕ್ ಬರೆದು ಮರೆತುಬಿಡೋಕೆ ಇಷ್ಟ ಇಲ್ಲ. ಕಚೇರಿ ಏರ್ಪಡಿಸುವ ಸಂಗೀತ ಸಭೆಗೆ ಕೊಡಲಾ? ಕಲಾವಿದರಿಗೇ ಕೊಡಲಾ? ಮಕ್ಕಳ ಕಲಿಕೆಗಾ? ಕೊಟ್ಟು ಗೊತ್ತಿರುವವರು, ತೆಗೆದುಕೊಂಡು ಗೊತ್ತಿರುವವರು ಇಬ್ಬರೂ ಹೇಳಿ.

ಮೈಸೂರಿನಿಂದ, ಸಣ್ಣ ಸಭೆಯೊಂದರ ಖಜಾಂಚಿ

ಮೇಡಂ, 20 ವರ್ಷಕ್ಕಿಂತ ಜಾಸ್ತಿ ಲೆಕ್ಕದ ಪುಸ್ತಕ ನೋಡಿಕೊಂಡಿದ್ದೇನೆ. ಸಭೆ ಅಂದ ತಕ್ಷಣ ಜನಕ್ಕೆ ಮೊದಲು ಹೊಳೆಯೋದು ದತ್ತಿ. ಒಂದು ಮೊತ್ತ ಠೇವಣಿ ಇಡೋದು, ಅದರ ಬಡ್ಡಿಯಲ್ಲಿ ಪ್ರತಿವರ್ಷ ಒಂದು ಕಚೇರಿ. ಒಳ್ಳೆಯ ಪದ್ಧತಿ. ಆದರೆ ಅದರಲ್ಲಿ ಒಂದು ತೊಡಕಿದೆ.

1992ರಲ್ಲಿ ಒಬ್ಬ ತಾಯಿ ನಮ್ಮ ಸಭೆಗೆ 10,000 ರೂಪಾಯಿ ತಂದುಕೊಟ್ಟರು. ಗಂಡ ಪಿಟೀಲು ಮೇಷ್ಟ್ರು. ಅವರ ಹೆಸರಲ್ಲಿ ವರ್ಷಕ್ಕೊಂದು ಕಚೇರಿ ಆಗಬೇಕು ಅನ್ನೋದು ಅವರ ಆಸೆ. ಆಗ ಠೇವಣಿಗೆ ಶೇ 12ರ ಹತ್ತಿರ ಬಡ್ಡಿ ಬರುತ್ತಿತ್ತು. 1,200 ರೂಪಾಯಿಯಲ್ಲಿ ಊರಿನ ಯುವ ಗಾಯಕಿ, ಪಕ್ಕವಾದ್ಯ, ಕಾಫಿ ತಿಂಡಿ ಎಲ್ಲ ಮುಗಿಯುತ್ತಿತ್ತು. ಈಗ ಅದೇ 10,000ಕ್ಕೆ ಶೇ 7 ಬಂದರೂ 700 ರೂಪಾಯಿ. ಮೃದಂಗದವರನ್ನು ಕರೆತಂದು ವಾಪಸ್ ಬಿಡೋ ಟ್ಯಾಕ್ಸಿಗೂ ಸಾಲದು. ಕಚೇರಿಯನ್ನು ನಾವು ನಿಲ್ಲಿಸಲಿಲ್ಲ. ನಾಲ್ಕು ದತ್ತಿ ಸೇರಿಸಿ ಒಂದು ಕಚೇರಿ ಮಾಡುತ್ತೇವೆ, ಕರಪತ್ರದಲ್ಲಿ ನಾಲ್ಕು ಹೆಸರು ಹಾಕುತ್ತೇವೆ. ಆ ತಾಯಿ ಇರುವವರೆಗೂ ಮುಂದಿನ ಸಾಲಿಗೆ ಬಂದು ಕೂರುತ್ತಿದ್ದರು. ಗಂಡನ ಹೆಸರು ಓದುವಾಗ ಎದ್ದು ನಿಂತು ಕೈಮುಗಿಯುತ್ತಿದ್ದರು. ಅವರಿಗೆ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳೋಕೆ ಆಗಲಿಲ್ಲವಲ್ಲ ಅನ್ನೋ ಸಂಕಟ ನನಗೆ ಇವತ್ತಿಗೂ ಇದೆ.

ಅದಕ್ಕೇ ಹೇಳುತ್ತೇನೆ, ದತ್ತಿ ಇಡೋದಾದರೆ ಬಡ್ಡಿಯ ಒಂದು ಪಾಲು ಅಸಲಿಗೆ ಸೇರುತ್ತಾ ಹೋಗಬೇಕು ಅಂತ ಮೊದಲೇ ಬರೆಸಿ. ಅದಕ್ಕಿಂತಲೂ ಒಳ್ಳೆಯದು, ನೀವು ಅಂದುಕೊಂಡ ಹಾಗೆ ವರ್ಷ ವರ್ಷ ಕೊಡೋದು. ನನಗೆ ಒಂದೇ ಸಲ 5 ಲಕ್ಷ ಕೊಡುವವರಿಗಿಂತ, ಐದು ವರ್ಷ ತಪ್ಪದೆ 50 ಸಾವಿರ ಕೊಡುವವರಿಂದ ಜಾಸ್ತಿ ಅನುಕೂಲ ಆಗಿದೆ. ಮುಂದಿನ ವರ್ಷ ದುಡ್ಡು ಬರುತ್ತೆ ಅಂತ ಗೊತ್ತಿದ್ದರೆ ಹೊಸಬರಿಗೆ ಈಗಲೇ ದಿನಾಂಕ ಕೊಡಬಹುದು.

ಇನ್ನೊಂದು ಮಾತು. ಹೆಸರಾಂತ ಗಾಯಕರ ಕಚೇರಿಗೆ ದಾನಿಗಳು ತಾವಾಗಿಯೇ ಸಿಗುತ್ತಾರೆ. ಮೈಕ್ ಬಾಡಿಗೆಗೆ, ಹಾಲ್ ಗುಡಿಸುವವರಿಗೆ, ತಂಬೂರಿ ರಿಪೇರಿಗೆ ಯಾರೂ ಸಿಗೋಲ್ಲ. "ಈ ಹಣ ನಿಮಗೆ ಯಾವುದಕ್ಕೆ ಬೇಕೋ ಅದಕ್ಕೆ" ಅಂತ ಒಬ್ಬರು ಬರೆದುಕೊಟ್ಟಿದ್ದರು. ಆ ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಂಗಳೂರಿನಿಂದ, ಮೃದಂಗ ನುಡಿಸುವವನು

ತೆಗೆದುಕೊಂಡವರೂ ಹೇಳಿ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಒಂದು ದೊಡ್ಡ ಸನ್ಮಾನದ ಕಾರ್ಯಕ್ರಮ. ವೇದಿಕೆಗೆ ಲಕ್ಷಗಟ್ಟಲೆ ಹೂವು, ದೀಪ. ನಮಗೆಲ್ಲ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ದೊಡ್ಡ ಫಲಕ. ಮುಗಿದ ಮೇಲೆ ಪಕ್ಕವಾದ್ಯದವರಿಗೆ ಕೊಟ್ಟ ಕವರಿನಲ್ಲಿ ಇದ್ದದ್ದು ಹೇಳಿದ್ದರ ಅರ್ಧ. ಕೊಟ್ಟ ದಾನಿಗಳಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು, ಅವರ ಮನಸ್ಸು ಒಳ್ಳೆಯದಿತ್ತು. ಹಾಗಾಗಿ ಅಕ್ಕ, ಸಂಸ್ಥೆಗೆ ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಿ: ಪಿಟೀಲಿಗೆ ಎಷ್ಟು, ಮೃದಂಗಕ್ಕೆ ಎಷ್ಟು, ಘಟಕ್ಕೆ ಎಷ್ಟು ಕೊಡುತ್ತೀರಿ? ಮುಚ್ಚುಮರೆ ಇಲ್ಲದೆ ಹೇಳುವವರಿಗೆ ಕೊಡಿ.

ವಾದ್ಯದ ಖರ್ಚು ಹೊರಗಿನವರಿಗೆ ಕಾಣೋಲ್ಲ. ಮೃದಂಗದ ಬಲಗಡೆಯ ಚರ್ಮದ ಮುಚ್ಚಿಗೆ, ಅದರ ಮೇಲಿನ ಕಪ್ಪು ಕರಣೆ ನುಡಿಸುತ್ತಾ ನುಡಿಸುತ್ತಾ ಸವೆಯುತ್ತೆ. ಕರಣೆ ಬಿರುಕು ಬಿಟ್ಟರೆ ನಾದ ಒಡೆಯುತ್ತೆ, ಮುಚ್ಚಿಗೆ ಬದಲಿಸಲೇಬೇಕು. ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ಮೃದಂಗ. ಈ ಕೆಲಸ ಗೊತ್ತಿರುವ ಕುಶಲಕರ್ಮಿಗಳು ಕಡಿಮೆ ಆಗುತ್ತಿದ್ದಾರೆ. 2020ರ ಲಾಕ್‌ಡೌನಿನಲ್ಲಿ ನಮಗೆ ಕಚೇರಿ ಇರಲಿಲ್ಲ, ಅವರಿಗೆ ನಮ್ಮಷ್ಟೂ ಇರಲಿಲ್ಲ. ಆಗ ಒಬ್ಬ ರಸಿಕರು ನನ್ನ ಮೂರು ಮೃದಂಗಕ್ಕೂ ಹೊಸ ಮುಚ್ಚಿಗೆ ಹಾಕಿಸಿಕೊಟ್ಟರು. ಒಂದೇ ಸಲಕ್ಕೆ ವಾದ್ಯ ಮಾಡುವವರ ಮನೆಗೂ ದುಡ್ಡು ಹೋಯಿತು, ನನಗೂ ಕೂತು ಸಾಧನೆ ಮಾಡೋಕೆ ಧೈರ್ಯ ಬಂತು. ಎಷ್ಟೋ ಸನ್ಮಾನ ಮರೆತಿದ್ದೇನೆ, ಅದನ್ನು ಮರೆಯೋಲ್ಲ.

ಉಡುಪಿ ಕಡೆಯಿಂದ

ಸಂಗೀತ ಅಂತ ಕೇಳಿದ್ದೀರಿ, ನಾನು ಯಕ್ಷಗಾನದ ವಿಷಯ ಹೇಳುತ್ತೇನೆ. ಅದರಲ್ಲಿ ಭಾಗವತರು ಹಾಡುವ ಭಾಗವತಿಕೆಯೂ ಸಂಗೀತವೇ ಅಲ್ವಾ.

ನಮ್ಮಲ್ಲಿ ಕಲೆಗೆ ದುಡ್ಡು ಕೊಡೋದು ಜನರಿಗೆ ಅಭ್ಯಾಸ. ಯಕ್ಷಗಾನ ಪ್ರದರ್ಶನಕ್ಕೆ ನಾವು ಆಟ ಅನ್ನುತ್ತೇವೆ, ಹರಕೆ ಆಟ ಅಂದರೆ ಅದೇ. ಮಗುವಿಗೆ ಹುಷಾರಾದರೆ ಒಂದು ಆಟ ಆಡಿಸುತ್ತೇನೆ ಅಂತ ದೇವಿಗೆ ಹೇಳಿಕೊಳ್ಳೋದು, ಮೇಳ, ಅಂದರೆ ಯಕ್ಷಗಾನದ ತಂಡ ಕರೆಸಿ ಊರಿಗೆಲ್ಲ ಊಟ ಹಾಕಿ ಆಟ ತೋರಿಸೋದು. ಕಟೀಲು, ಮಂದಾರ್ತಿ ಮೇಳಗಳಿಗೆ ಎಷ್ಟು ಬೇಡಿಕೆ ಅಂದರೆ ಇವತ್ತು ಹೆಸರು ಬರೆಸಿದರೆ ಸರದಿ ಬರೋಕೆ ವರ್ಷಗಟ್ಟಲೆ ಬೇಕು. ಹಾಗಾಗಿ ಆಟಕ್ಕೆ ದುಡ್ಡಿನ ಕೊರತೆ ಅಂತ ನನಗೆ ಅನ್ನಿಸೋಲ್ಲ.

ಕೊರತೆ ಇರೋದು ಮಳೆಗಾಲದಲ್ಲಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟೋದು ದೀಪಾವಳಿ ಕಳೆದ ಮೇಲೆ. ಆ ಐದಾರು ತಿಂಗಳು ಸಣ್ಣ ವೇಷದವರು ಏನು ಮಾಡಬೇಕು? ಒಂದು ರಾತ್ರಿ ಚೌಕಿಗೆ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗಕ್ಕೆ ಹೋಗಿದ್ದೆ. ಬೆಳಗಿನ ಜಾವ 3 ಗಂಟೆ ಇರಬೇಕು. ಆಗತಾನೇ ರಂಗಸ್ಥಳದಲ್ಲಿ ಸುತ್ತುತ್ತಾ ಜಿಗಿಯುವ ಧಿಗಿಣ ಹೊಡೆದು ಬಂದ ಕಲಾವಿದರೊಬ್ಬರು ಪೆಟ್ಟಿಗೆ ಮೇಲೆ ಕೂತು ಗೆಜ್ಜೆ ಬಿಚ್ಚಿದರು. ಮಂಡಿ ಊದಿಕೊಂಡು ತೆಂಗಿನಕಾಯಿಯ ಹಾಗಿತ್ತು. "ಡಾಕ್ಟರ್ ಹತ್ತಿರ ಹೋಗಬಾರದಾ?" ಅಂದೆ. "ಮಳೆಗಾಲ ಬರಲಿ" ಅಂದರು. ಮಳೆಗಾಲ ಬಂದರೆ ಪುರುಸೊತ್ತು ಇರುತ್ತೆ, ದುಡ್ಡು ಇರೋಲ್ಲ.

ಆವತ್ತಿನಿಂದ ನಮ್ಮ ಮನೆಯ ದೇಣಿಗೆ ಕಲಾವಿದರ ಮನೆ, ಆಸ್ಪತ್ರೆ, ಮಕ್ಕಳ ಓದು ನೋಡಿಕೊಳ್ಳುವ ಸಂಸ್ಥೆಗಳಿಗೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಶುರುವಾದದ್ದು. ಅವರು ದಾನಿಗಳಿಂದ ಮನೆ ಕಟ್ಟಿಸಿ ಕೊಡುತ್ತಾರೆ, ವಿದ್ಯಾಪೋಷಕ್ ಅನ್ನೋ ಯೋಜನೆಯಲ್ಲಿ ಬಡ ಮಕ್ಕಳನ್ನು ಓದಿಸುತ್ತಾರೆ. ಹಾಡುವವರಿಗೂ ಬೆಂಗಳೂರಿನಲ್ಲಿ ಇಂಥದ್ದೊಂದು ಬೇಕು ಅಂತ ನನಗೆ ತುಂಬಾ ಅನ್ನಿಸುತ್ತೆ.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಚೌಕಿಯ ಕಥೆ ಅಮ್ಮನಿಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಮ್ಮನದೊಂದು ಪ್ರಶ್ನೆ: ಅವನು ಅಲ್ಲಿಂದಲೇ ನೇರ ಟ್ರಸ್ಟಿಗೆ ಹಣ ಕಳಿಸಬಹುದಾ? ತೆರಿಗೆ ವಿನಾಯಿತಿ ವಿಷಯವೂ ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿಯಿಂದ, ಲೆಕ್ಕಪರಿಶೋಧಕಿ

ತಮ್ಮನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ನೋಡಿ. ಭಾರತದ್ದೇ ಆಗಿದ್ದರೆ, ಅವರು ಅಲ್ಲಿ ದುಡಿದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗೋಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಆಗ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಮಾತ್ರ ತೆಗೆದುಕೊಳ್ಳಬಹುದು. ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಸಣ್ಣ ಸಭೆಗಳ ಹತ್ತಿರ ಈ ನೋಂದಣಿ ಸಾಮಾನ್ಯವಾಗಿ ಇರೋಲ್ಲ. ಪ್ರೀತಿಯಿಂದ ಕಳಿಸಿದ ಹಣ ಅವರಿಗೆ ತೊಂದರೆ ತರಬಾರದು, ಕೇಳಿಕೊಂಡೇ ಕಳಿಸಿ.

80ಜಿ ಅಂತ ಎಲ್ಲರೂ ಕರೆಯುವ ವಿನಾಯಿತಿ ಸಿಗೋದು ಸಂಸ್ಥೆಗೆ ಆ ಮಾನ್ಯತೆ ಇದ್ದರೆ, ನೀವು ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಲೆಕ್ಕಕ್ಕಿಲ್ಲ. ಸಾಮಾನ್ಯ ಟ್ರಸ್ಟ್‌ಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ, ಅದೂ ಒಂದು ಮಿತಿಯೊಳಗೆ. ರಸೀದಿ ಒಂದೇ ಸಾಲದು, ಸಂಸ್ಥೆಯವರು ತೆರಿಗೆ ಇಲಾಖೆಗೆ ವಿವರ ಸಲ್ಲಿಸಿ ಕೊಡುವ ಪ್ರಮಾಣಪತ್ರ ಕೇಳಿ ಪಡೆಯಿರಿ. ಕಲಾವಿದರ ಕೈಗೇ ಕೊಟ್ಟರೆ ವಿನಾಯಿತಿ ಇಲ್ಲ. ನಾನಂತೂ ಪ್ರತಿವರ್ಷ ಒಬ್ಬ ಹಿರಿಯ ಸಾರಂಗಿ ವಾದಕರಿಗೆ ಹಾಗೆಯೇ ಕೊಡುತ್ತೇನೆ. ವಿನಾಯಿತಿ ಬೇಡ ಅನ್ನಿಸುವ ಕಡೆಯೂ ಇರುತ್ತೆ.

ಸಾಗರದ ಹತ್ತಿರದಿಂದ

ಚಿಕ್ಕದಾಗಿ ಒಂದು. ಹೆಗ್ಗೋಡಿನ ನೀನಾಸಮ್ 1985ರಿಂದ ತಿರುಗಾಟ ನಡೆಸುತ್ತಿದೆ, ನಾಟಕ ಊರೂರಿಗೆ ಹೋಗುತ್ತೆ. ಊರಿನವರು ಕರೆಸಿಕೊಳ್ಳಬೇಕು, ಖರ್ಚು ಹೊರಬೇಕು. ನಮ್ಮೂರಲ್ಲಿ ಒಬ್ಬರು ಪ್ರತಿವರ್ಷ ಸರ್ಕಾರಿ ಶಾಲೆಯ ಮಕ್ಕಳ ಟಿಕೆಟ್ ಪೂರ್ತಿ ಕೊಳ್ಳುತ್ತಾರೆ. ತಂಡಕ್ಕೆ ಹಣ, ಮಕ್ಕಳಿಗೆ ನಾಟಕ. ಅವರ ಹೆಸರು ಎಲ್ಲೂ ಹಾಕಿಸಿಕೊಳ್ಳೋಲ್ಲ. ಸಂಗೀತಕ್ಕೂ ಇದು ಆಗುತ್ತೆ: ರಾಮನವಮಿಗೆ ಟಿಕೆಟ್ ಕೊಂಡು ಕಲಿಯುವ ಮಕ್ಕಳಿಗೆ ಕೊಡಿ. ನಿಮ್ಮ ತಂದೆಯವರು ಪೆಂಡಾಲಿನ ಆಚೆ ಕೂತಿದ್ದು ಓದಿದಾಗ ಇದೇ ನೆನಪಾಯಿತು.

ಗದಗಿನ ಕಡೆಯಿಂದ, ರೈತ

ಅಕ್ಕಾವ್ರೇ, ನಮ್ಮಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇದೆ. ಅದನ್ನು ಶುರುಮಾಡಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಚಿಕ್ಕವರಿದ್ದಾಗ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಅದೂ ಒಂದು ದಾನವೇ. ಅದರಿಂದ ಎಷ್ಟು ಬೆಳೆಯಿತು ನೋಡಿ. ಗವಾಯಿಗಳು ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ ಕಲಿಸಿದರು. ಹೆಸರಾಂತ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಈ ಗವಾಯಿಗಳ ಹತ್ತಿರವೇ ಕಲಿತವರು. 1944ರಲ್ಲಿ ಗವಾಯಿಗಳು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ಆಶ್ರಮ ನಡೆಸಿದರು. ನಾಟಕ ಕಂಪನಿ ಕಟ್ಟಿ, ಅದರ ಗಳಿಕೆ ಆಶ್ರಮಕ್ಕೆ ಹಾಕಿದರು. ಭಕ್ತರು ಊರೂರಲ್ಲಿ ಅವರಿಗೆ ತುಲಾಭಾರ ಮಾಡುತ್ತಿದ್ದರು, ಬಂದದ್ದೆಲ್ಲ ಮಕ್ಕಳ ಊಟಕ್ಕೆ, ಪಾಠಕ್ಕೆ.

ನಮ್ಮ ಅಜ್ಜನ ಕಾಲದಿಂದ ಸುಗ್ಗಿ ಆದ ಮೇಲೆ ಒಂದು ಚೀಲ ಜೋಳ ಅಲ್ಲಿಗೆ ಹೋಗುತ್ತೆ. ಒಂದು ಸಲ ಚೀಲ ಇಳಿಸೋಕೆ ಹೋದಾಗ ಒಳಗೆ ಒಬ್ಬ ಹುಡುಗ ಹಾರ್ಮೋನಿಯಂ ಹಿಡಿದು ಸ್ವರಾಭ್ಯಾಸದ ಒಂದೇ ಪಲಟಾ ತಿರುಗಾಮುರುಗಾ ಹಾಡುತ್ತಿದ್ದ. ಬಾಗಿಲ ಹತ್ತಿರ ನಿಂತೆ. ಹೆಜ್ಜೆ ಸಪ್ಪಳ ಕೇಳಿ "ಯಾರ್ರೀ?" ಅಂದ. "ಜೋಳ ತಂದೀನಪ್ಪ" ಅಂದೆ. "ಹಂಗಾದ್ರ ಕೂಡ್ರಿ, ಕೇಳಿ ಹೋಗ್ರಿ" ಅಂದ. ಅರ್ಧ ತಾಸು ಕೂತೆ. ಹೊಲದ ಕೆಲಸ ಇತ್ತು, ಏಳೋಕೆ ಮನಸ್ಸಾಗಲಿಲ್ಲ.

ದುಡ್ಡು ಕಳಿಸೋದೂ ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಹೋಗಿ ಬನ್ನಿ, ಅಮ್ಮನವರನ್ನೂ ಕರೆದುಕೊಂಡು.

ಕೇಳಿದವರು

ಮೂವರೂ ಫೋನಿನಲ್ಲಿ ಮಾತಾಡಿದೆವು. ಸದ್ಯಕ್ಕೆ ಮೂರು ವರ್ಷಕ್ಕೆ ಹೀಗೆ ಅಂದುಕೊಂಡಿದ್ದೇವೆ. 40 ಸಾವಿರ ನಮ್ಮ ಬಡಾವಣೆಯ ಸಣ್ಣ ಸಭೆಗೆ, ಪಕ್ಕವಾದ್ಯದವರಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿದ ಮೇಲೆ. ಅದರಲ್ಲಿ ಪಕ್ಕವಾದ್ಯದವರಿಗೆ ಕೊಟ್ಟು ಉಳಿದದ್ದು ಸಭೆಗೆ ಯಾವುದಕ್ಕೆ ಬೇಕೋ ಅದಕ್ಕೆ. 30 ಸಾವಿರ ಗದಗಿಗೆ. 20 ಸಾವಿರದಲ್ಲಿ ಇಬ್ಬರು ಯುವ ವಾದಕರ ವಾದ್ಯದ ಖರ್ಚು, ಕೈಗೇ. 10 ಸಾವಿರಕ್ಕೆ ರಾಮನವಮಿಯ ಟಿಕೆಟ್, ಹತ್ತಿರದ ಶಾಲೆಯ ಸಂಗೀತದ ಮಕ್ಕಳಿಗೆ. ಇದು ಅಮ್ಮ ಹೇಳಿದ್ದು. ಮಕ್ಕಳನ್ನು ಕರೆದುಕೊಂಡು ಹೋಗೋದೂ ಅವರೇ ಅಂತೆ. ತಮ್ಮನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ.

ಗದಗಿನವರೇ, ಅಮ್ಮನಿಗೆ ಜೋಳದ ಚೀಲವನ್ನೂ ಒಂದು ಕೊಡಬೇಕಂತೆ. ಯಾವ ತಿಂಗಳು ಬಂದರೆ ಹೊಸ ಜೋಳ ಸಿಗುತ್ತೆ?

ಗದಗಿನ ಕಡೆಯಿಂದ, ರೈತ

ಹಿಂಗಾರಿ ಜೋಳ ಶಿವರಾತ್ರಿ ಹೊತ್ತಿಗೆ ರಾಶಿ ಆಗುತ್ತೆ ಅಕ್ಕಾವ್ರೇ. ಒಂದು ವಾರ ಮೊದಲೇ ತಿಳಿಸಿ. ನಮ್ಮ ಚೀಲವನ್ನೂ ಆವತ್ತೇ ಒಯ್ಯುತ್ತೇನೆ, ಒಂದೇ ಗಾಡಿಯಲ್ಲಿ ಹೋಗೋಣ.