ದೊಡ್ಡ ಡೆಸ್ಕ್‌ಟಾಪ್ ಮಾರಿ ಲ್ಯಾಪ್‌ಟಾಪ್ ತಗೊಂಡವರು ಉಂಟಾ? ಅನುಭವ ಹೇಳಿ

ಕಾಪು ಕ್ಯಾಮೆರಾ:
ಮದುವೆ ಮತ್ತು ಯಕ್ಷಗಾನ ಆಟದ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. 2021ರಲ್ಲಿ ಕಟ್ಟಿಸಿದ ಡೆಸ್ಕ್‌ಟಾಪ್ ಉಂಟು: ರೈಜನ್ 5900ಎಕ್ಸ್ ಪ್ರಾಸೆಸರ್, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ್ಯಾಮ್. ಅದರದ್ದು ಎಂತ ತಕರಾರೂ ಇಲ್ಲ. ಆದರೆ ಈಗ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳೂರಿಗೆ ಕರ್ಕೊಂಡು ಹೋಗಿ ನಾಲ್ಕು ಗಂಟೆ ಹೊರಗೆ ಬೆಂಚಲ್ಲಿ ಕೂತಿರ್ತೇನೆ, ಎರಡು ದಿನ ಹಾಳು. ಅದಕ್ಕೆ ಇದನ್ನು ಮಾರಿ, ಮೇಲೆ ಸ್ವಲ್ಪ ಹಾಕಿ, ಒಂದೂವರೆ ಲಕ್ಷದ ಒಳಗೆ ಒಂದು ಲ್ಯಾಪ್‌ಟಾಪ್ ತಗೊಳ್ಳುವ ಅಂತ. ಕಾಲಮಿತಿ ಆಟ ಅಂದ್ರೂ ಐದು ಗಂಟೆ, ಮೂರು ಕ್ಯಾಮೆರಾ, 4ಕೆ. ಹೀಗೆ ಮಾಡಿದವರು ಇದ್ರೆ ಹೇಳಿ.

ಸುರತ್ಕಲ್ ಸೈಡ್:
ಬೇಡ ಮಾರಾಯ್ರೆ. ನಾನು ಮಾಡಿ ಅನುಭವಿಸಿದವ.

ನನ್ನ ಹತ್ರ ಇದ್ದದ್ದೂ 3080. ಕಾರ್ಡೊಂದಕ್ಕೇ 1,32,000 ಕೊಟ್ಟದ್ದು, 2021ರಲ್ಲಿ, ಕ್ರಿಪ್ಟೊ ನಾಣ್ಯದ ಮೈನಿಂಗ್ ಮಾಡುವವರು ಎಲ್ಲ ಕಾರ್ಡನ್ನೂ ಎತ್ತಿಕೊಂಡು ಹೋಗ್ತಿದ್ದ ಸಮಯ. 2022 ಸೆಪ್ಟೆಂಬರಲ್ಲಿ ಎಥೀರಿಯಂ ಮೈನಿಂಗ್ ನಿಂತದ್ದೇ ಆ ಕಾರ್ಡಿಗೆ ಕೇಳುವವರಿಲ್ಲ. 2023 ಮೇಯಲ್ಲಿ ಇಡೀ ಡೆಸ್ಕ್‌ಟಾಪ್ 62,000ಕ್ಕೆ ಕೊಟ್ಟು 1,65,000ದ ಲ್ಯಾಪ್‌ಟಾಪ್ ತಂದೆ. ಒಳಗೆ ಆರ್‌ಟಿಎಕ್ಸ್ 4070. ಹೆಸರು ನೋಡಿ ನಾನು 3080ರ ಅಣ್ಣ ಅಂತ ಗ್ರಹಿಸಿದೆ. ತಮ್ಮನೂ ಅಲ್ಲ ಅದು! ಡೆಸ್ಕ್‌ಟಾಪ್ 4070ರಲ್ಲಿ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನದ್ದರಲ್ಲಿ 8. ಚಿಪ್ಪೇ ಬೇರೆ, ಡೆಸ್ಕ್‌ಟಾಪಿನ 4060 ಟಿಐಗೆ ಹಾಕುವ ಜಾತಿಯದ್ದು. 3080 ಹೀರುವುದು 320 ವ್ಯಾಟ್, ಇದು ಹೆಚ್ಚೆಂದ್ರೆ 140. ಇದೆಲ್ಲ ತಂದ ಮೇಲೆ ಓದಿದ್ದು.

ಮತ್ತೆ ಸೆಕೆ. ಮೇ ತಿಂಗಳು ಮಧ್ಯಾಹ್ನ ಎರಡು ಗಂಟೆಗೆ ನಮ್ಮ ತಾರಸಿ ಮನೆಯಲ್ಲಿ ರೆಂಡರ್ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೊ ಫೈಲ್ ಮಾಡುವುದು) ಇಟ್ರೆ ಮೊದಲ ಹತ್ತು ನಿಮಿಷ ಕುದುರೆ, ಆಮೇಲೆ ಎಮ್ಮೆ. ಫ್ಯಾನ್ ಇರುವ ಸ್ಟ್ಯಾಂಡ್ 2,400. ಥರ್ಮಲ್ ಪೇಸ್ಟ್ ಬದಲಿಸಿದ್ದಕ್ಕೆ 1,500. ವಾರಂಟಿ ಒಂದು ವರ್ಷ; ಹದಿನಾಲ್ಕನೇ ತಿಂಗಳು ಬೋರ್ಡ್ ಸತ್ತಿತು. ಪ್ರಾಸೆಸರ್, ಗ್ರಾಫಿಕ್ಸ್ ಎರಡೂ ಬೋರ್ಡಿಗೇ ಬೆಸುಗೆ, ಒಂದು ಹೋದ್ರೆ ಎಲ್ಲ ಹೋಯ್ತು. 71,000 ಅಂದ್ರು. ಪಾರ್ಟ್ ಬರ್ಲಿಕ್ಕೆ 23 ದಿನ, ಆ ಗ್ಯಾಪಲ್ಲಿ ಎರಡು ಮದುವೆ ಬೇರೆಯವರ ಕೈಗೆ. ಒಟ್ಟು 2,39,900. ಮಾರಿದ 62,000 ಕಳೆದ್ರೂ 1,77,900 ಕೈ ಬಿಟ್ಟಿತು. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಬೇಕಾದ್ರೆ ಫೋಟೊ ಹಾಕ್ತೇನೆ.

ಬಿಜೈ ನಕ್ಷೆ:
ಅಣ್ಣ, ಸ್ಟ್ಯಾಂಡಿನ 2,400ನ್ನೂ ನಷ್ಟಕ್ಕೆ ಸೇರಿಸಿದ್ರಲ್ಲ, ಅದು ಈಗಲೂ ನಿಮ್ಮ ಮೇಜಿನ ಮೇಲೆಯೇ ಉಂಟಲ್ವಾ?

ನಾನು ಆರ್ಕಿಟೆಕ್ಟ್. ಸೈಟಿಗೆ ದಿನಕ್ಕೆ ಮೂರು ಕಡೆ ತಿರುಗುವವಳು. 2024ರಲ್ಲಿ ಡೆಸ್ಕ್‌ಟಾಪ್ ಬಿಟ್ಟೆ, ಇವತ್ತಿನವರೆಗೆ ಪಶ್ಚಾತ್ತಾಪ ಇಲ್ಲ. ನಾವು ನಕ್ಷೆ ಮಾಡುವ ರೆವಿಟ್ ಸಾಫ್ಟ್‌ವೇರಿಗೆ ಪ್ರಾಸೆಸರಿನ ಹನ್ನೆರಡು ಕೋರ್ ಬೇಡ, ಅದರ ಹೆಚ್ಚಿನ ಕೆಲಸ ಒಂದೇ ಕೋರಿನ ಮೇಲೆ ನಿಂತಿರ್ತದೆ. ಕ್ಲೈಂಟ್ ಎದುರು ಕೂತು ಗೋಡೆ ಆಚೆ ಈಚೆ ಮಾಡಿ ತೋರಿಸಿದ್ರೆ ಅಲ್ಲೇ ಒಪ್ತಾರೆ. ಮೊದಲೆಲ್ಲ "ಆಫೀಸಿಗೆ ಹೋಗಿ ಕಳಿಸ್ತೇನೆ" ಅಂತ ಬಂದು, ಅಷ್ಟರಲ್ಲಿ ಅವರ ಭಾವನಿಗೆ ಮತ್ತೊಂದು ಐಡಿಯಾ ಬಂದಿರ್ತಿತ್ತು.

ಕರೆಂಟ್ ಲೆಕ್ಕ ಯಾರೂ ಹೇಳುವುದಿಲ್ಲ. ನನ್ನ ಡೆಸ್ಕ್‌ಟಾಪ್, ಎರಡು ಮಾನಿಟರ್, ಯುಪಿಎಸ್ ಎಲ್ಲ ಸೇರಿ ದಿನಕ್ಕೆ ಮೂರು ಯೂನಿಟ್ ಹತ್ರ ಹತ್ರ, ತಿಂಗಳಿಗೆ 80ರ ಮೇಲೆ. ಮನೆಯೇ ಆಫೀಸು. ಗೃಹಜ್ಯೋತಿಯಲ್ಲಿ 200 ದಾಟಿದ್ರೆ ಇಡೀ ಬಿಲ್ ನಮ್ಮ ತಲೆಗೆ. ಒಂದು ತಿಂಗಳು 218 ಆಗಿ 1,900 ಚಿಲ್ಲರೆ ಬಂತು. ಅತ್ತೆ ಆ ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ರು, ಆರು ತಿಂಗಳು ಅಲ್ಲೇ ಇತ್ತು. ಲ್ಯಾಪ್‌ಟಾಪ್ ಬಂದ ಮೇಲೆ 150 ದಾಟಿದ್ದಿಲ್ಲ.

ಸುರತ್ಕಲ್ ಸೈಡ್:
ಅಕ್ಕ, ಗೋಡೆ ಆಚೆ ಈಚೆ ಮಾಡುವುದಕ್ಕೂ ಐದು ಗಂಟೆಯ ಆಟ ರೆಂಡರ್ ಮಾಡುವುದಕ್ಕೂ ವ್ಯತ್ಯಾಸ ಉಂಟು. ಸ್ಟ್ಯಾಂಡ್ ಮೇಲೆ ಈಗ ಮಗಳು ಪುಸ್ತಕ ಇಟ್ಟುಕೊಂಡು ಓದ್ತಾಳೆ. ಅದು ನಷ್ಟವೇ.

ಬಿಜೈ ನಕ್ಷೆ:
ನಕ್ಷೆ ಅಂದ್ರೆ ಗೋಡೆ ಎಳೆಯುವುದು ಅಂತ ಗ್ರಹಿಸಿದವರ ಹತ್ರ ಮಾತಾಡಿ ಪ್ರಯೋಜನ ಇಲ್ಲ. ನಾನೂ ವಾಕ್‌ಥ್ರೂ, ಅಂದ್ರೆ ಮನೆಯೊಳಗೆ ನಡೆದು ನೋಡಿದ ಹಾಗಿನ ವಿಡಿಯೊ, ರೆಂಡರ್ ಮಾಡ್ತೇನೆ. ರಾತ್ರಿ ಇಟ್ಟು ಮಲಗ್ತೇನೆ, ಅಷ್ಟೇ.

ಮಣಿಪಾಲ 4ನೇ ಮಹಡಿ:
ಇಬ್ಬರೂ ಕಾರ್ಡಿನ ಬಗ್ಗೆಯೇ ಜಗಳ ಆಡ್ತಿದ್ದೀರಿ. ಎಡಿಟಿಂಗಿನಲ್ಲಿ ಮಂಡೆಬಿಸಿ ಆಗುವುದು ರೆಂಡರಿಗಿಂತ ಹೆಚ್ಚು ಟೈಮ್‌ಲೈನಿನಲ್ಲಿ, ಅಂದ್ರೆ ಕ್ಲಿಪ್ ಓಡಿಸಿ ಕತ್ತರಿಸುವಾಗ. ಈಗಿನ ಹಲವು ಕ್ಯಾಮೆರಾಗಳು 10-ಬಿಟ್ 4:2:2 ಎಚ್‌ಇವಿಸಿಯಲ್ಲಿ, ಅಂದ್ರೆ ಬಣ್ಣದ ವಿವರ ಹೆಚ್ಚಿಟ್ಟು ಒತ್ತಿ ಸಣ್ಣದು ಮಾಡಿದ ವಿಡಿಯೊ ರೂಪದಲ್ಲಿ, ಬರೆಯುತ್ತವೆ. ಆರ್‌ಟಿಎಕ್ಸ್ 30, 40 ಸರಣಿಗೆ ಆ ಜಾತಿಯನ್ನು ಹಾರ್ಡ್‌ವೇರಲ್ಲಿ ಬಿಡಿಸ್ಲಿಕ್ಕೆ ಬರುವುದಿಲ್ಲ, 50 ಸರಣಿಯಲ್ಲಿ ಬಂದದ್ದು. 5900ಎಕ್ಸ್‌ನಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಅಂದ್ರೆ ಇಡೀ ಭಾರ ಪ್ರಾಸೆಸರಿನ ಮೇಲೆ. ಈಚಿನ ಇಂಟೆಲ್ ಪ್ರಾಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಅದನ್ನು ಆರಾಮದಲ್ಲಿ ಬಿಡಿಸ್ತದೆ, ಮ್ಯಾಕ್‌ನ ಎಂ ಸರಣಿಯೂ ಅಷ್ಟೇ. ನನ್ನ 2.4 ಲಕ್ಷದ ಡೆಸ್ಕ್‌ಟಾಪ್ ಮೂರು ಕ್ಯಾಮೆರಾ ಒಟ್ಟಿಗೆ ಹಾಕಿದ್ರೆ ತಡವರಿಸ್ತಿತ್ತು, ತಂಗಿಯ ಕಾಲೇಜಿನ 70 ಸಾವಿರದ ಲ್ಯಾಪ್‌ಟಾಪಲ್ಲಿ ಅದೇ ಕ್ಲಿಪ್ ನೀರಿನ ಹಾಗೆ ಓಡಿತು. ಆ ದಿನ ನಾನು ಊಟ ಮಾಡಲಿಲ್ಲ.

ಹಾಗಂತ ಕುಣಿಯುವುದು ಬೇಡ. ಬೆಸುಗೆ ಹಾಕಿದ 16 ಜಿಬಿಯದ್ದು ತಗೊಂಡ್ರೆ ಸಾಯುವವರೆಗೂ 16 ಜಿಬಿಯೇ. 2025ರ ಕೊನೆಯಿಂದ ರ್ಯಾಮಿನ ಬೆಲೆ ನೋಡಿದವರಿಗೆ, ಕೈಯಲ್ಲಿರುವ 64 ಜಿಬಿ ಎಷ್ಟು ಬಾಳ್ತದೆ ಅಂತ ಗೊತ್ತು. ಅದನ್ನು ಈಗ ಮಾರುವುದು ಬೇಡ.

ಮಲ್ಪೆ ಗಾಳಿ:
ನೀವೆಲ್ಲ ಮಣಿಪಾಲದ ಗುಡ್ಡೆ ಮೇಲೆ, ಎಸಿ ರೂಮಲ್ಲಿ ಕೂತು ಹೇಳ್ತೀರಿ. ಕಡಲಿನಿಂದ ಇನ್ನೂರು ಮೀಟರಲ್ಲಿ ಡೆಸ್ಕ್‌ಟಾಪ್ ಇಟ್ಟು ನೋಡಿ. ನನ್ನ ಕ್ಯಾಬಿನೆಟ್ಟಿನ ಸ್ಕ್ರೂ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಸ್ಕ್ರೂಡ್ರೈವರಿಗೆ ಹುಡಿಯಾಗಿ ಬಂತು. ಯುಎಸ್‌ಬಿ ಪೋರ್ಟ್ ಒಳಗೆ ಹಸಿರು. ಪವರ್ ಸಪ್ಲೈ ಒಳಗೆ ಹಲ್ಲಿ ಹೋಗಿ ಠಪ್ ಅಂದಿತು, ಹಲ್ಲಿಯೂ ಹೋಯ್ತು, 8,700 ರೂಪಾಯಿಯೂ ಹೋಯ್ತು. ಮೆಕ್ಯಾನಿಕ್ ಬಿಚ್ಚಿ ತೋರಿಸಿ ನಗ್ತಾನೆ. ಲ್ಯಾಪ್‌ಟಾಪ್ ಆದ್ರೆ ಜೂನಿನಿಂದ ಸೆಪ್ಟೆಂಬರ್ ತನಕ ಕೆಲಸ ಮುಗಿದ ಕೂಡಲೇ ಡಬ್ಬಿಗೆ, ಸಿಲಿಕಾ ಜೆಲ್ ಹಾಕಿ ಮುಚ್ಚಳ. ಕ್ಯಾಮೆರಾ ಲೆನ್ಸಿಗೆ ಬೂಸು ಹಿಡಿಯಬಾರದು ಅಂತ ನೀವು ಇಡುವುದಿಲ್ವಾ, ಹಾಗೆ.

ಸುರತ್ಕಲ್ ಸೈಡ್:
ಸುರತ್ಕಲ್ ಕಡಲ ಬದಿ ಅಲ್ವಾ ಹಾಗಾದ್ರೆ? ನನ್ನ ಡೆಸ್ಕ್‌ಟಾಪಿಗೆ ಎಂತ ಆಗಿರ್ಲಿಲ್ಲ. ಕಿಟಕಿ ಹಾಕಿ ಕೂರ್ಬೇಕು ಅಷ್ಟೇ.

ಮಲ್ಪೆ ಗಾಳಿ:
ಕಿಟಕಿ ಹಾಕಿದ್ದಕ್ಕೇ ನಿಮ್ಮ ಲ್ಯಾಪ್‌ಟಾಪ್ ಸೆಕೆಗೆ ಸತ್ತದ್ದು.

ಕಾರ್ಕಳ ಗುಡುಗು:
ಸಿಡಿಲಿನ ವಿಷಯ ಯಾರೂ ತೆಗೆಯಲಿಲ್ಲ, ಆಶ್ಚರ್ಯ. ಮಳೆಗಾಲದ್ದಲ್ಲ, ಅಕ್ಟೋಬರ್ ಸಂಜೆಯ ಸಿಡಿಲು. ಸ್ವಿಚ್ ತೆಗೆದಿದ್ದೆ, ಪ್ಲಗ್ ತೆಗೆದಿದ್ದೆ, ಇಂಟರ್ನೆಟ್ ವಯರ್ ಮರೆತೆ. ರೌಟರಿನಿಂದ ಲ್ಯಾನ್ ವಯರಲ್ಲೇ ಬಂತು. ಬೋರ್ಡಿನ ಲ್ಯಾನ್ ಪೋರ್ಟ್ ಕಪ್ಪು, ಬೋರ್ಡೂ ಹೋಯ್ತು: 14,500. ರೌಟರ್ 1,800. ವೈಫೈಯಲ್ಲಿದ್ದ ಹೆಂಡತಿಯ ಲ್ಯಾಪ್‌ಟಾಪ್ ಪಕ್ಕದಲ್ಲೇ ಸೀರಿಯಲ್ ತೋರಿಸಿಕೊಂಡು ಇತ್ತು.

ಯುಪಿಎಸ್ ಉಂಟಲ್ಲ ಅನ್ನಬೇಡಿ. 600 ವಿಎ ಅಂತ ಬರೆದದ್ದರಲ್ಲಿ ನಿಜವಾಗಿ ಸಿಗುವುದು 360 ವ್ಯಾಟ್. 3080 ಒಂದೇ 320 ಕೇಳ್ತದೆ. ಕರೆಂಟ್ ಹೋದ ಕೂಡಲೇ ಯುಪಿಎಸ್ ಕುಂಯ್ ಅಂತದೆ, ಎರಡೂ ಒಟ್ಟಿಗೆ ಮಲಗ್ತಾವೆ. 1,500 ವಿಎ ಪ್ಯೂರ್ ಸೈನ್‌ವೇವ್ ತಂದೆ, ಅದರ ಬ್ಯಾಟರಿ ಎರಡೂವರೆ ವರ್ಷಕ್ಕೊಮ್ಮೆ ಬದಲಿಸ್ಬೇಕು.

ಬಿಜೈ ನಕ್ಷೆ:
ಇನ್ವರ್ಟರ್ ಇದ್ರೆ ಯುಪಿಎಸ್ ಯಾಕೆ?

ಕಾರ್ಕಳ ಗುಡುಗು:
ಅಕ್ಕ, ಇನ್ವರ್ಟರ್ ಬದಲಾಗುವ ಆ ಒಂದು ಕಣ್ಣುರೆಪ್ಪೆ ಹೊತ್ತಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗ್ತದೆ. ಫ್ಯಾನಿಗೆ ಗೊತ್ತಾಗುವುದಿಲ್ಲ, ಪವರ್ ಸಪ್ಲೈಗೆ ಗೊತ್ತಾಗ್ತದೆ. ಕೆಲವು ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಅಂತ ಸ್ವಿಚ್ ಇರ್ತದೆ, ಹೆಚ್ಚಿನವರ ಮನೆಯಲ್ಲಿ ಅದು ಯಾವುದರಲ್ಲಿ ಉಂಟು ಅಂತ ಯಾರೂ ನೋಡಿರುವುದಿಲ್ಲ.

ಬಿಜೈ ನಕ್ಷೆ:
ನೋಡಿದೆ. ಯುಪಿಎಸ್ ಮೋಡಲ್ಲೇ ಉಂಟು. ಪಾಠ ಬೇಡ.

ಚೌಕಿ ಹತ್ರ:
ವಿಷಯ ಬೇರೆ, ಕ್ಷಮಿಸಿ. ಪತ್ತನಾಜೆವರೆಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಊರೂರು ಸುತ್ತಿ ಕುಣಿಯುವ ಕಲಾವಿದರ ಇಡೀ ಆಟವನ್ನು ಮೂರು ಕ್ಯಾಮೆರಾದಲ್ಲಿ ತೆಗೆದು ಮರುದಿನ ಬೆಳಿಗ್ಗೆ ಎಲ್ಲರ ಮೊಬೈಲಿಗೆ ಹಾಕಿದ್ರೆ ಟಿಕೆಟ್ ಆಟಕ್ಕೆ ಯಾರು ಬರ್ತಾರೆ? ವೇಗದ ಕಂಪ್ಯೂಟರ್ ಬಂದಷ್ಟೂ ನಮಗೆ ಹೊಡೆತ.

ಕಾಪು ಕ್ಯಾಮೆರಾ:
ನಾನು ತೆಗೆಯುವುದು ಹರಕೆ ಆಟ, ಸೇವಾಕರ್ತರು ಹೇಳಿದ್ರೆ ಮಾತ್ರ. ಆ ಆಟಕ್ಕೆ ಟಿಕೆಟ್ಟೇ ಇರುವುದಿಲ್ಲ. ಮೇಳದವರಿಗೂ ಒಂದು ಪ್ರತಿ ಕೊಡ್ತೇನೆ.

ಚೌಕಿ ಹತ್ರ:
ನಿಮ್ಮನ್ನು ಹೇಳಿದ್ದಲ್ಲ. ಸಾಮಾನ್ಯವಾಗಿ ಹೇಳಿದ್ದು.

ಸುರತ್ಕಲ್ ಸೈಡ್:
ಸಾಮಾನ್ಯವಾಗಿ ಹೇಳ್ಲಿಕ್ಕೆ ಬೇರೆ ಜಾಗ ಉಂಟು. ಇಲ್ಲಿ ಬೋರ್ಡ್ ಸತ್ತವರ ಕಷ್ಟ ನಡೀತಾ ಉಂಟು.

ಪಡುಬಿದ್ರಿ ಪ್ಯಾಸೆಂಜರ್:
ನಾನು ಎರಡೂ ಇಟ್ಟುಕೊಂಡವ. ಡಯಾಲಿಸಿಸ್ ಹೊತ್ತು ಕಾದವನೂ ಹೌದು, ಅಮ್ಮನಿಗೆ ಮೂರು ವರ್ಷ. ಆ ಬೆಂಚಿನ ಹತ್ರ ಪ್ಲಗ್ ಪಾಯಿಂಟ್ ಇರುವುದಿಲ್ಲ, ಇದ್ರೂ ಯಾರಾದ್ರೂ ಮೊಬೈಲ್ ಚುಚ್ಚಿರ್ತಾರೆ. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಹಾಕಿದ್ರೆ ವೇಗ ಅರ್ಧಕ್ಕೆ ಇಳೀತದೆ, ಒಂದೂವರೆ ಗಂಟೆಗೆ ಮುಗೀತದೆ, ಫ್ಯಾನ್ ಸದ್ದಿಗೆ ನರ್ಸ್ ಬಂದು ನೋಡ್ತಾರೆ. ಅದರ ಅಡಾಪ್ಟರೇ ಒಂದು ಕಿಲೊ ಹತ್ರ. ಒಂದು ಕೈಯಲ್ಲಿ ಅಮ್ಮನ ಕೈ, ಇನ್ನೊಂದರಲ್ಲಿ ಫೈಲ್, ಹೆಗಲಲ್ಲಿ ಇದು.

ನಾನು ಮಾಡಿದ್ದು: 52,000ದ ಸಪೂರ ಲ್ಯಾಪ್‌ಟಾಪ್. ರಾತ್ರಿ ಡೆಸ್ಕ್‌ಟಾಪಲ್ಲಿ ಪ್ರಾಕ್ಸಿ, ಅಂದ್ರೆ ಅದೇ ಕ್ಲಿಪ್ಪಿನ ಹಗುರ ಪ್ರತಿ, ಮಾಡಿ ಸಣ್ಣ ಎಸ್‌ಎಸ್‌ಡಿಗೆ ಹಾಕಿ ತಗೊಂಡು ಹೋಗುವುದು. ಅಲ್ಲಿ ಕತ್ತರಿಸುವುದು ಮಾತ್ರ. ಮನೆಗೆ ಬಂದು ಪ್ರಾಜೆಕ್ಟ್ ಫೈಲ್ ಚುಚ್ಚಿದ್ರೆ ಒರಿಜಿನಲ್ ತಾನಾಗಿ ಕೂರ್ತದೆ. ನಿಮ್ಮದು 100 ಎಂಬಿಪಿಎಸ್ ಅಂತಾದ್ರೆ ಒಂದು ಕ್ಯಾಮೆರಾಕ್ಕೆ ಗಂಟೆಗೆ 45 ಜಿಬಿ, ಮೂರು ಕ್ಯಾಮೆರಾ ಐದು ಗಂಟೆ ಅಂದ್ರೆ 675 ಜಿಬಿ. 1 ಟಿಬಿಯ ಲ್ಯಾಪ್‌ಟಾಪಲ್ಲಿ ಒಂದು ಆಟ ಹಿಡೀತದೆ, ಎರಡನೆಯದು ಹಿಡಿಯುವುದಿಲ್ಲ.

ಸುರತ್ಕಲ್ ಸೈಡ್:
ಇದನ್ನೇ ನಾನು ಮೊದಲಿನಿಂದ ಹೇಳಿದ್ದು.

ಮಣಿಪಾಲ 4ನೇ ಮಹಡಿ:
ನೀವು ಹೇಳಿದ್ದು 1,77,900 ಮಾತ್ರ.

ಕಾಪು ಕ್ಯಾಮೆರಾ:
ಪಡುಬಿದ್ರಿಯವರೆ, ಇದು ತಲೆಗೆ ಹೋಯ್ತು. ನಿನ್ನೆ ತಮ್ಮನ ಹಳೆ ಐ5 ಲ್ಯಾಪ್‌ಟಾಪಲ್ಲಿ ಪ್ರಾಕ್ಸಿ ಹಾಕಿ ಕೂತೆ. ಅಪ್ಪನ ಮೆಷಿನ್ ಮುಗಿಯುವಷ್ಟರಲ್ಲಿ ಒಡ್ಡೋಲಗ (ವೇಷಗಳು ರಂಗಕ್ಕೆ ಬರುವ ಭಾಗ) ಪೂರ್ತಿ ಕತ್ತರಿಸಿ ಆಯ್ತು. ಬ್ಯಾಟರಿ 11 ಶೇಕಡ ಉಳಿದಿತ್ತು. ಡೆಸ್ಕ್‌ಟಾಪ್ ಸದ್ಯಕ್ಕೆ ಮಾರುವುದಿಲ್ಲ. ಆದ್ರೆ ತಮ್ಮನ ಲ್ಯಾಪ್‌ಟಾಪ್ ಕೀಬೋರ್ಡ್ ಒಳಗಿನಿಂದ ಸಣ್ಣ ಇರುವೆ ಬರ್ತಾ ಉಂಟು. ಎಂತ ಮಾಡುವುದು?

ಮಲ್ಪೆ ಗಾಳಿ:
ಸಿಲಿಕಾ ಜೆಲ್ ಡಬ್ಬಿಯಲ್ಲಿ ಹಾಕಿ ಎರಡು ದಿನ.

ಬಿಜೈ ನಕ್ಷೆ:
ಇರುವೆಗೂ ಸಿಲಿಕಾ ಜೆಲ್ಲಾ? ಸುತ್ತ ಅರಸಿನ ಹುಡಿ ಹಾಕಿ, ಹೋಗ್ತಾವೆ.

ಕಾರ್ಕಳ ಗುಡುಗು:
ಅರಸಿನ ಫ್ಯಾನಿನ ಒಳಗೆ ಹೋದ್ರೆ? ನನ್ನ ಮಾವ ಹೀಗೇ ಮಾಡಿ ಸರ್ವಿಸಿನವ ಬಿಚ್ಚಿದಾಗ ಇಡೀ ಬೋರ್ಡ್ ಹಳದಿ. 3,200.

ಬಿಜೈ ನಕ್ಷೆ:
ಸುತ್ತ ಅಂದೆ. ಒಳಗೆ ಅಂತ ಹೇಳಿದ್ದಾ ನಾನು?